ಎಡಗಡೆಯಿಂದ ಬರುವ ಹಡಗುಗಳು

ಜೂನ್ 14

ನನ್ನ ಗುಬ್ಬಿಗೆ,

ಈ ಭೂಮಿಯನ್ನು ಆಕಾಶದ ದಂಡಿನಿಂದ ನಾಲ್ಕು ಸಾವಿರ ಸಲ ಒಬ್ಬನೇ ನಿಂತು ಕಾಪಾಡಿದ, ಅದಕ್ಕಾಗಿ ಯಾರಿಂದಲೂ ಒಂದು ಹೂವಿನ ಹಾರವನ್ನೂ ಕೇಳದ ನಿನ್ನ ಸೋದರಮಾವ ಬರೆಯುವುದೇನೆಂದರೆ, ಇಲ್ಲಿ ಎಲ್ಲರೂ ಸೌಖ್ಯ. ನೀನು ದೀಪದ ತಂತಿ ಎಳೆಯುತ್ತಿರುವ ಸುರಂಗ ಇನ್ನೂ ನಿನ್ನ ತಲೆಯ ಮೇಲೆ ಕುಸಿದಿಲ್ಲವೆಂದು ಭಾವಿಸುತ್ತೇನೆ. ಕುಸಿದಿದ್ದರೆ ನಿನ್ನ ಅತ್ತೆ ಅದಕ್ಕೂ ನನ್ನನ್ನೇ ಬೈಯುತ್ತಿದ್ದಳು.

ಅಲ್ಲಿ ಫೋನ್ ಹಿಡಿಯುವುದಿಲ್ಲ, ವಾರಕ್ಕೊಮ್ಮೆ ರೇಷನ್ ಲಾರಿಯಲ್ಲಿ ಟಪಾಲು ಹೋಗಿಬರುತ್ತದೆ ಎಂದೆಯಲ್ಲ, ನನಗೆ ಅದೇ ಅನುಕೂಲವಾಯಿತು. ಫೋನಿನಲ್ಲಾದರೆ ನಾನು ಒಂದು ಬುರುಡೆ ಮುಗಿಸುವಷ್ಟರಲ್ಲಿ ನೀನು ನಕ್ಕುಬಿಡುತ್ತೀ. ಕಾಗದದಲ್ಲಿ ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಊರ ಶಾಲೆಯ ಮೇಷ್ಟರು ಏಳು ವರ್ಷ ಹೊಡೆದು ಕಲಿಸಿದ ಅಕ್ಷರಕ್ಕೂ ಒಂದು ಕೆಲಸ ಸಿಕ್ಕಿತು.

ನೀನು ನಮ್ಮಲ್ಲಿ ಬಿಟ್ಟುಹೋದ ನಿನ್ನ ಮಗಳಿಗೆ ನಾನು ಪಟಾಕಿ ಎಂದು ಹೆಸರಿಟ್ಟಿದ್ದೇನೆ. ಬಂದ ದಿನ ಕೈಯಲ್ಲೊಂದು ಫೋನ್, ಅದರ ತುಂಬ ಆಟ. ನಡುಮನೆಯ ನಮ್ಮ ಹಳೆಯ ವಿಡಿಯೋ ಆಟದ ಪೆಟ್ಟಿಗೆಯನ್ನು ಅಲ್ಮಾರಿ ಅಂದುಕೊಂಡು ಅದರ ಮೇಲೆ ಬ್ಯಾಗು ಇಟ್ಟಳು. ನಾನು ಸ್ವಿಚ್ ಒತ್ತಿದೆ. ಪರದೆಯ ಮೇಲೆ ಆಕಾಶದ ಹಡಗುಗಳು ಸಾಲುಸಾಲಾಗಿ ಇಳಿಯತೊಡಗಿದವು.

“ತಾತ, ಇದ್ರಲ್ಲಿ ಬಣ್ಣಾನೇ ಇಲ್ವಲ್ಲ.”

“ಬಣ್ಣ ನೋಡೋಕೆ ಪುರುಸೊತ್ತು ಸಿಕ್ಕಿದ್ರೆ ಹೇಳು.”

ಸಿಗಲಿಲ್ಲ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಸತ್ತಳು. ನನ್ನ ಕಡೆ ತಿರುಗಿ ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ನೀನು ಅವಳ ವಯಸ್ಸಿನಲ್ಲಿ ನನ್ನ ಅಂಗಡಿಯಲ್ಲಿ ಸೋಡಾ ಕ್ರೇಟಿನ ಮೇಲೆ ನಿಂತು ಇದೇ ಪೆಟ್ಟಿಗೆಯ ಮುಂದೆ ಹೀಗೇ ನೋಡಿದ್ದೆ. “ಇನ್ನೊಂದ್ಸಲ,” ಅಂದಳು. ಕ್ರೇಟು ಅಟ್ಟದಿಂದ ಇಳಿಯಿತು.

ಅವಳ ಫೋನಿನ ಆಟದಲ್ಲಿ ಸೋತರೆ ಬೆನ್ನು ತಟ್ಟಿ, ಬಹುಮಾನ ಕೊಟ್ಟು ಮತ್ತೆ ಆಡು ಅನ್ನುತ್ತದಂತೆ. ನಮ್ಮ ಪೆಟ್ಟಿಗೆ ಯಾರ ಬೆನ್ನನ್ನೂ ತಟ್ಟುವುದಿಲ್ಲ. ಡುಮ್ ಡುಮ್ ಎಂದು ಇಳಿದು ಬರುತ್ತವೆ. ಹೊಡೆದು ಕಡಿಮೆ ಮಾಡಿದಷ್ಟೂ ಉಳಿದವು ಜೋರು ಮಾಡುತ್ತವೆ. ಕೊನೆಯ ಹಡಗಿನ ಹೊತ್ತಿಗೆ ಡುಮ್ ಅನ್ನುತ್ತಿರುವುದು ಪೆಟ್ಟಿಗೆಯೋ ನಮ್ಮ ಎದೆಯೋ ತಿಳಿಯುವುದಿಲ್ಲ. ಹೆದರಿಸಿ ಹೆದರಿಸಿಯೇ ಮೂರು ತಲೆಮಾರನ್ನು ಕಟ್ಟಿಹಾಕಿಕೊಂಡಿದೆ.

ನಾನು ಓಡಿಸುವ ಶಾಲೆಯ ವ್ಯಾನಿನಲ್ಲೂ ಈಗ ನಮ್ಮಿಬ್ಬರದು ಅದೇ ಆಟ. ಪಟಾಕಿ ಮುಂದಿನ ಸೀಟಿನಲ್ಲಿ ನನ್ನ ಎಡಕ್ಕೆ ಕೂರುತ್ತಾಳೆ. ಎಡಗಡೆಯಿಂದ ಏನು ಬಂದರೂ “ಎಡ ಸೈಕಲ್, ಎಡ ನಾಯಿ” ಎಂದು ಕೂಗುತ್ತಾಳೆ. ಬಲಗಡೆ ನನ್ನ ಪಾಲು. ಹಿಂದೆ ಕೂತ ಮಕ್ಕಳು ಅಂಕ ಎಣಿಸುತ್ತವೆ. ದಿನವೂ ಅವಳೇ ಗೆಲ್ಲುತ್ತಾಳೆ.

ಒಂದೇ ಬೇಸರ. ಪೆಟ್ಟಿಗೆಗೆ ವಯಸ್ಸಾಯಿತು. ಎಡಗಡೆಯ ಹಡಗುಗಳು ಇಳಿಯುತ್ತ ಇಳಿಯುತ್ತ ಮಾಯವಾಗಿ, ಆಮೇಲೆ ನನ್ನ ನೆತ್ತಿಯ ಮೇಲೇ ಹುಟ್ಟುತ್ತವೆ. ಪರದೆ ಬದಲಿಸಬೇಕು.

ಇಂತಿ,
ಭೂರಕ್ಷಕ, ನಿನ್ನ ಮಾವ


ಜುಲೈ 3

ಮಾವನಿಗೆ ನಮಸ್ಕಾರ.

ಕಾಗದ ಓದಿ ನಗುತ್ತಿದ್ದೆ, ಮೇಸ್ತ್ರಿ ಬಂದು “ಏನಮ್ಮ, ಸಂಬಳ ಜಾಸ್ತಿ ಆಯ್ತಾ?” ಎಂದು ಕೇಳಿದ. ನಮ್ಮಮ್ಮನ ತಮ್ಮನಿಂದ ಭೂಮಿ ಉಳಿದಿದೆ ಎಂದೆ. ನಂಬಲಿಲ್ಲ.

ಪಟಾಕಿ ಕ್ರೇಟಿನ ಮೇಲೆ ನಿಂತದ್ದು ಓದಿ ನನ್ನ ಕೈಯೂ ತುರಿಸಿತು. ನನಗೆ ಗುಂಡಿ ಒತ್ತಲು ಬಾರದಿದ್ದಾಗ ನಾನು ಹಿಡಿ ತಿರುಗಿಸುತ್ತಿದ್ದೆ, ನೀನು ಗುಂಡಿ ಒತ್ತುತ್ತಿದ್ದೆ, ನೆನಪಿದೆಯಾ? ಇಲ್ಲಿ ಸುರಂಗದೊಳಗೆ ಕಲ್ಲು ಕೊರೆಯುವ ಯಂತ್ರ ಡುಮ್ ಡುಮ್ ಎಂದರೆ ನನ್ನ ಹೆಬ್ಬೆರಳು ತಾನಾಗಿ ಅಲ್ಲಾಡುತ್ತದೆ. ಹೆದರಿಕೆಯಾದಾಗ ಕೈ ನಡುಗದಂತೆ ಇಟ್ಟುಕೊಳ್ಳುವುದನ್ನು ನಾನು ಕಲಿತದ್ದು ಆ ಪೆಟ್ಟಿಗೆಯ ಮುಂದೆಯೇ.

ಒಂದು ಮಾತು ಮಾತ್ರ ತಿಳಿಯಲಿಲ್ಲ. ಹಿಡಿ ಹಿಡಿದವರ ಕಿವಿಯಲ್ಲಿ ಯಾರೂ ಮಾತಾಡಬಾರದು ಎಂಬುದು ನಿನ್ನದೇ ಕಾಯಿದೆ. ನಾನು ಒಮ್ಮೆ “ಅಲ್ನೋಡು ಮಾವ” ಎಂದದ್ದಕ್ಕೆ ಒಂದು ವಾರ ನನ್ನನ್ನು ಅಂಗಡಿಗೇ ಸೇರಿಸಲಿಲ್ಲ. ಈಗ ವ್ಯಾನು ಓಡಿಸುವಾಗ ಅವಳಿಗೆ ಕೂಗಲು ಬಿಟ್ಟಿದ್ದೀಯಲ್ಲ, ಏಕೆ?

ಗುಬ್ಬಿ


ಜುಲೈ 24

ಗುಬ್ಬಿಗೆ,

ನೀನು ಕೇಳಿದ್ದಕ್ಕೆ ಉತ್ತರ: ದೊಡ್ಡ ಆಟಗಾರರು ತಾವು ಮಾಡಿದ ಕಾಯಿದೆಯನ್ನು ತಾವೇ ಮುರಿಯಬಹುದು.

ಪರದೆ ಬದಲಿಸಿದೆ. ಹಳೆಯ ಟಿವಿ ರಿಪೇರಿ ಮಾಡುವವನಿಂದ ಹುಡುಕಿಸಿ ತರಿಸಿದ್ದು. ಕನ್ನಡಿಯ ಹಾಗಿದೆ. ಆದರೂ ಎಡಗಡೆಯ ಹಡಗುಗಳು ಮಾಯವಾಗುವುದು ನಿಂತಿಲ್ಲ. ರೋಗ ಪರದೆಯದಲ್ಲ, ಒಳಗಿನ ತಂತಿಯದು. ಮುಂದಿನ ಸಲ ಬಂದಾಗ ನೀನೇ ಬಿಚ್ಚಿ ನೋಡು. ಈ ನೆಪದಲ್ಲಿ ಪಕ್ಕದ ಸಲೂನಿನವನು ನನ್ನನ್ನು ದಿನಾ ಸೋಲಿಸುತ್ತಿದ್ದಾನೆ. ಕತ್ತರಿ ಹಿಡಿಯುವ ಕೈಯಲ್ಲಿ ಹಡಗು ಹೊಡೆಯುತ್ತಾನೆ, ಮೇಲಿಂದ ಮಾತು ಬೇರೆ. “ಅಣ್ಣ, ಭೂಮಿ ಹೋಯ್ತು, ಬೇರೆ ಗ್ರಹ ನೋಡ್ಕೊ,” ಅಂತಾನೆ.

ಇನ್ನೊಂದು ಸುದ್ದಿ, ಚಿಕ್ಕದು. ಪಟಾಕಿಗೆ ಎರಡು ದಿನ ಜ್ವರ ಬಂದು ಇಳಿಯಿತು. ಆ ಎರಡು ದಿನ ಅವಳು ವ್ಯಾನಿಗೆ ಬರಲಿಲ್ಲ. ಮೊದಲನೆಯ ದಿನವೇ ಶಾಲೆಯ ಗೇಟಿನ ಕಂಬ ನಮ್ಮ ವ್ಯಾನಿನ ಕನ್ನಡಿಯನ್ನು ಮುರಿದುಹಾಕಿತು. ಆ ಕಂಬ ಇಷ್ಟು ವರ್ಷ ಸುಮ್ಮನೆ ನಿಂತಿತ್ತು. ಅವತ್ತು ಯಾಕೆ ಮುಂದೆ ಬಂತೋ ಅದನ್ನೇ ಕೇಳಬೇಕು. ಮಕ್ಕಳಿಗೆ ಏನೂ ಆಗಿಲ್ಲ. ನಿನ್ನ ಅತ್ತೆ ಮಾತ್ರ ಎರಡು ಹೊತ್ತು ಮುಖ ಊದಿಸಿಕೊಂಡಿದ್ದಳು. ಎಡಗಡೆಯ ಕನ್ನಡಿ ತಾನೇ, ಹೊಸದು ಹಾಕಿಸಿದೆ.

ನಿನ್ನ ಮಗಳು ತಾನೂ ಒಂದು ಕಾಗದ ಬರೆದು ಇದರ ಜೊತೆಗೆ ಇಡುತ್ತಾಳಂತೆ. ನನಗೆ ಓದಲು ಕೊಡಲಿಲ್ಲ. ಆ ಜಂಬ ಯಾರ ಕಡೆಯಿಂದ ಬಂದದ್ದೋ ಗೊತ್ತಿಲ್ಲ.

ಇಂತಿ,
ಎಡಗಡೆ ಬಿಟ್ಟು ಉಳಿದೆಲ್ಲ ಕಡೆ ಅಜೇಯನಾದ ನಿನ್ನ ಮಾವ


ಜುಲೈ 24

ಅಮ್ಮ,

ನನಗೆ ಜ್ವರ ವಾಸಿಯಾಯಿತು. ನಾನು ಆರನೇ ಸುತ್ತಿನವರೆಗೆ ಹೋದೆ. ಗೆಳತಿಯರು ದಿನಾ ಆಡಲು ಬರುತ್ತಾರೆ. ಅವರ ಮನೆಯಲ್ಲಿ ಇದಕ್ಕಿಂತ ಚೆನ್ನಾಗಿರುವ ಆಟ ಇದೆ, ಆದರೂ ಬರುತ್ತಾರೆ.

ಒಂದು ವಿಷಯ ಹೇಳುತ್ತೇನೆ, ತಾತನಿಗೆ ಹೇಳಬೇಡ. ಪೆಟ್ಟಿಗೆ ಕೆಟ್ಟಿಲ್ಲ. ನಾನು ಆಡುವಾಗ ಎಡಗಡೆ ಹಡಗು ಮಾಯ ಆಗುವುದಿಲ್ಲ. ಸಲೂನು ಮಾಮನಿಗೂ ಆಗುವುದಿಲ್ಲ. ತಾತನಿಗೆ ಮಾತ್ರ ಆಗುತ್ತದೆ.

ವ್ಯಾನಿನಲ್ಲಿ ಆಟ ಶುರು ಮಾಡಿದ್ದು ತಾತ ಅಲ್ಲ, ನಾನು. ಒಂದು ಸಲ ಎಡಗಡೆಯಿಂದ ಒಬ್ಬ ಅಜ್ಜಿ ರಸ್ತೆ ದಾಟುತ್ತಿದ್ದರು. ತಾತ ನಿಲ್ಲಿಸಲೇ ಇಲ್ಲ. ನಾನು ಕಿರುಚಿದೆ. ಆಗ ತಾತ ಬ್ರೇಕ್ ಒತ್ತಿದ್ದು, ಅಜ್ಜಿಗೆ ಏನೂ ಆಗಲಿಲ್ಲ. ಅದಕ್ಕೆ ನಾನು ಇನ್ನು ಮೇಲೆ ಇದು ಆಟ ಅಂದೆ.

ಜ್ವರ ಬಂದಾಗ ನನಗೆ ಭಯ ಆಯಿತು. ಜ್ವರಕ್ಕೆ ಅಲ್ಲ.

ನಿನ್ನ ಮಗಳು


ಆಗಸ್ಟ್ 18

ಮಾವ,

ಈ ಕಾಗದವನ್ನು ಅತ್ತೆಯ ಎದುರಿಗೆ ಓದು. ಒಬ್ಬನೇ ಓದಬೇಡ.

ನಿಮ್ಮ ಕಾಗದಗಳು ಇಂದು ಕೈಗೆ ಬಂದವು. ಬೆಟ್ಟ ಜರಿದು ರಸ್ತೆ ಮುಚ್ಚಿತ್ತು, ಲಾರಿ ಮೂರು ವಾರ ಬರಲಿಲ್ಲ. ಇಂದು ಅದು ಮೇಲೆ ಬಂದ ಬೆನ್ನಿಗೇ ಮತ್ತೆ ಜರಿಯಿತು. ಅಂದರೆ ಇಷ್ಟೂ ದಿನ ನೀನು ವ್ಯಾನು ಓಡಿಸುತ್ತಿದ್ದೆ, ನನಗೆ ಗೊತ್ತಿರಲಿಲ್ಲ. ನಾನು ಇದನ್ನು ಬರೆಯುತ್ತಿರುವಾಗಲೂ ಓಡಿಸುತ್ತಿರಬಹುದು. ಆಫೀಸಿನ ವೈರ್‌ಲೆಸ್ಸನ್ನು ಬೇಡಿಕೊಂಡೆ. ಕೆಳಗಿನ ಕಂಬ ಬಿದ್ದು ಅದೂ ಸತ್ತಿದೆ. ನಡೆದು ಹೋಗಲು ಹೊರಟೆ, ಜರಿದ ಜಾಗದಿಂದ ಕಾವಲಿನವನು ವಾಪಸು ಕಳಿಸಿದ. ಲಾರಿ ಡ್ರೈವರನ ಕೈಹಿಡಿದು, ಅಂಚೆಗೆ ಹಾಕಬೇಡ ಅಣ್ಣ, ಮನೆಗೇ ಮುಟ್ಟಿಸು ಎಂದಿದ್ದೇನೆ. ರಸ್ತೆ ಸರಿಹೋದ ದಿನ ಇಳಿಯುತ್ತೇನೆ ಎಂದಿದ್ದಾನೆ.

ಪೆಟ್ಟಿಗೆ ಕೆಟ್ಟಿಲ್ಲ ಮಾವ. ಪರದೆ ಹೊಸದಾದ ಮೇಲೂ ನಿನಗೊಬ್ಬನಿಗೇ ಹಡಗು ಮಾಯವಾಗುತ್ತದೆ ಎಂದರೆ ಏನು ಅರ್ಥ? ಕಂಬ ಮುಂದೆ ಬರಲಿಲ್ಲ. ಅದು ಅಲ್ಲೇ ಇತ್ತು. ನಿನಗೆ ಎಡಗಡೆ ಕಾಣುತ್ತಿಲ್ಲ.

ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತಿದೆ. ನೀನು ಕಲಿಸಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಮುಂದಿನ ಸೀಟಿನಲ್ಲಿ ನನ್ನ ಮಗಳು ಕಾಣುತ್ತಾಳೆ. ಆಟವೆಂದು ಕೂಗುತ್ತಿದ್ದಾಳೆ. ಒಂದು ದಿನ ಅವಳು ತೂಕಡಿಸಿದರೆ? ಹಿಂದಿನವರ ಜೊತೆ ಮಾತಿಗೆ ತಿರುಗಿದರೆ? ಹತ್ತು ವರ್ಷದ ಹುಡುಗಿ ಮಾವ. ಹದಿನಾರು ಮಕ್ಕಳ ಜೀವವನ್ನು ಅವಳ ಗಂಟಲಿಗೆ ಕಟ್ಟಿದ್ದೀಯ.

ಕೀ ಅತ್ತೆಯ ಕೈಗೆ ಕೊಡು. ನಿನ್ನ ಕಾಲಿಗೆ ಬೀಳುತ್ತೇನೆ.

ಗುಬ್ಬಿ


ಆಗಸ್ಟ್ 21

ಗುಬ್ಬಿಗೆ,

ಒಂದು ತಿಂಗಳಾಯಿತು, ನಿನ್ನ ಕಡೆಯಿಂದ ಒಂದಕ್ಷರ ಇಲ್ಲ. ಬೆಟ್ಟದಲ್ಲಿ ಮಳೆ ಜೋರಂತೆ. ಹುಷಾರು.

ಇಲ್ಲಿ ಮಕ್ಕಳ ಸಂಭ್ರಮ ಹೇಳತೀರದು. ಮೂವತ್ತನೇ ತಾರೀಕು ಶನಿವಾರ ಎಲ್ಲರನ್ನೂ ಕೆರೆಯಾಚೆಯ ತೋಟಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಕೆರೆಯ ಏರಿಯ ಮೇಲಿನ ದಾರಿ ನಿನಗೆ ಗೊತ್ತಲ್ಲ, ಎಡಕ್ಕೆ ಉದ್ದಕ್ಕೂ ನೀರು. ತಂಪಾಗಿರುತ್ತದೆ. ಏರಿಗೆ ತಡೆಗೋಡೆ ಕಟ್ಟುತ್ತೇವೆ ಎಂದು ಪ್ರತಿ ವರ್ಷ ಹೇಳುತ್ತಾರೆ, ಕಟ್ಟಿಲ್ಲ.

ಪಟಾಕಿ ಯಾಕೋ ಬರುವುದಿಲ್ಲ ಎಂದು ಹಟ ಮಾಡುತ್ತಿದ್ದಾಳೆ. ಹೊಟ್ಟೆನೋವಂತೆ. ಆ ದಿನಕ್ಕೆ ಸರಿಹೋಗುತ್ತದೆ.

ಇಂತಿ,
ಜಲ, ನೆಲ, ಆಕಾಶ ಮೂರರಲ್ಲೂ ಸಮರ್ಥನಾದ ನಿನ್ನ ಮಾವ


ಸೆಪ್ಟೆಂಬರ್ 2

ಗುಬ್ಬಿಗೆ,

ಮೊದಲು ಓದಬೇಕಾದ್ದು ಇದು: ಮಕ್ಕಳೆಲ್ಲ ಕ್ಷೇಮ. ನಿನ್ನ ಮಗಳು ಕ್ಷೇಮ. ನೀರು ಕುಡಿದು ಮುಂದಿನದನ್ನು ಓದು.

ನಿನ್ನ ಲಾರಿ ಡ್ರೈವರ್ ಶುಕ್ರವಾರ ಸಂಜೆ ಬಂದ. ಕಾಗದ ಕೊಟ್ಟು, ನಾನು ಓದಿ ಮುಗಿಸುವ ತನಕ ಹೊಸಿಲು ಬಿಟ್ಟು ಕದಲಲಿಲ್ಲ. ಹಾಗೆ ಮಾಡು ಎಂದು ನೀನೇ ಹೇಳಿರಬೇಕು. ನಿನ್ನ ಅತ್ತೆ ಕೀಗಾಗಿ ಕೈ ಚಾಚಿದಳು. ನನಗೆ ಬಂದದ್ದು ಸಿಟ್ಟು. ನಾನು ಎತ್ತಿ ಆಡಿಸಿದವಳು ನನಗೇ ಕಣ್ಣಿಲ್ಲ ಅನ್ನುತ್ತಾಳೆ. ಕೀ ಕೊಡಲಿಲ್ಲ. ಪೆಟ್ಟಿಗೆ ಕೆಟ್ಟಿದೆ ಎಂದು ಈಗಲೇ ತೋರಿಸುತ್ತೇನೆ ಎಂದು ಸಲೂನಿನವನನ್ನು ಕರೆಸಿದೆ, ಅವನ ಅಂಗಡಿಯ ದೊಡ್ಡ ಕನ್ನಡಿಯ ಸಮೇತ.

ಉಪಾಯ ನನ್ನದೇ. ಪಟಾಕಿ ಪೆಟ್ಟಿಗೆಯ ಮುಂದೆ ಕ್ರೇಟಿನ ಮೇಲೆ ನಿಂತು ಆಡುವುದು. ನಾನು ಪೆಟ್ಟಿಗೆಗೆ ಬೆನ್ನು ಹಾಕಿ, ಸಲೂನಿನವನು ಹಿಡಿದ ಕನ್ನಡಿಯಲ್ಲಿ ಪರದೆ ನೋಡುವುದು. ಕನ್ನಡಿಯಲ್ಲಿ ಎಡ ಬಲ ಅದಲು ಬದಲು. ಪೆಟ್ಟಿಗೆಯ ಎಡಭಾಗ ಕೆಟ್ಟಿದ್ದರೆ ಹಡಗು ನನ್ನ ಬಲಕ್ಕೆ ಮಾಯವಾಗಬೇಕು. ಈ ಯೋಚನೆ ದೊಡ್ಡ ಓದು ಓದಿದವರಿಗೂ ಹೊಳೆಯುತ್ತಿರಲಿಲ್ಲ ಎಂದು ಆ ಹೊತ್ತಿನಲ್ಲೂ ನಿನ್ನ ಅತ್ತೆಯ ಮುಂದೆ ಜಂಬ ಕೊಚ್ಚಿಕೊಂಡೆ.

ಡುಮ್, ಡುಮ್. ಹಡಗುಗಳು ಇಳಿದವು. ನಾನು ನೋಡುತ್ತ ನಿಂತೆ.

“ಎಲ್ಲಿ ಮಾಯ ಆಗ್ತಿದೆ ಅಣ್ಣ?”

ನಾನು ಕನ್ನಡಿಗೆ ಇನ್ನೂ ಹತ್ತಿರ ಹೋದೆ.

“ಬಲಗಡೆ ತಾನೆ? ಬಲಗಡೆ ಅನ್ನು, ನಾನು ಕನ್ನಡಿ ಎತ್ಕೊಂಡು ಹೋಗ್ತೀನಿ. ಕೈ ಸೋತೋಯ್ತು.”

“ಎಡಗಡೆ,” ಅಂದೆ.

ಅವನು ಕನ್ನಡಿಯನ್ನು ಗೋಡೆಗೆ ಒರಗಿಸಿ ನನ್ನ ಹೆಗಲು ಹಿಡಿದುಕೊಂಡ. ಪಟಾಕಿ ಹಿಡಿ ಬಿಟ್ಟಿದ್ದಳು. ಹಡಗುಗಳು ಕೆಳಗೆ ಬಂದು ಮುಟ್ಟಿದ ಸದ್ದು ಕೇಳಿತು.

ಇಷ್ಟಾದರೂ ಶನಿವಾರ ಬೆಳಿಗ್ಗೆ ನಾನು ವ್ಯಾನು ಹತ್ತಿದೆ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಮಕ್ಕಳು ಹತ್ತಿ ಕೂತಿದ್ದವು. ಇದೊಂದು ದಿನ, ನಿಧಾನಕ್ಕೆ ಹೋದರಾಯಿತು, ಪಟಾಕಿ ಇದ್ದಾಳಲ್ಲ ಅಂದುಕೊಂಡೆ. ನೋಡಿದರೆ ಪಕ್ಕದ ಸೀಟು ಖಾಲಿ. ನೇರ ಮುಂದೆ ನೋಡುತ್ತ ಕೂಗಿದೆ.

“ಎಲ್ಲಿದೀಯೇ, ಬೇಗ ಬಾ, ಹೊತ್ತಾಯ್ತು.”

“ನಾನೆಲ್ಲಿದೀನಿ ಹೇಳು ತಾತ.”

ದನಿ ಹೊರಗಿನಿಂದ ಬಂತು. ಅಂಗಳ ಖಾಲಿ. ರಸ್ತೆ ಖಾಲಿ. “ಆಟಕ್ಕೆ ಇದಾ ಹೊತ್ತು?” ಎಂದು ಗದರಿ ಗೇರು ಹಾಕಲು ಕೈ ಇಟ್ಟೆ. ಹಿಂದೆ ಕೂತ ಮಕ್ಕಳು ನಗುತ್ತಿದ್ದವು, ಆಮೇಲೆ ನಗಲಿಲ್ಲ. ಅದಕ್ಕೇ ತಲೆ ತಿರುಗಿಸಿದೆ. ಎಡಗಡೆಯ ಮುಂದಿನ ಚಕ್ರದ ಪಕ್ಕದಲ್ಲೇ ನಿಂತಿದ್ದಳು, ಬಾನೆಟ್ಟಿನ ಮೇಲೆ ಒಂದು ಕೈ ಇಟ್ಟುಕೊಂಡು. ಹಳದಿ ಅಂಗಿ. ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಅಲ್ಲೇ ನಿಂತಿದ್ದಳು ಗುಬ್ಬಿ, ಮೊದಲಿನಿಂದಲೂ. ನಾನು ತಲೆಯನ್ನು ಮತ್ತೆ ಮುಂದಕ್ಕೆ ತಿರುಗಿಸಿದೆ. ಅವಳಿರಲಿಲ್ಲ.

ಎಂಜಿನ್ ಆರಿಸಿದೆ. ಕೀ ಹಿಡಿದೆ, ಹೊರಗೆ ಎಳೆಯಲು ಆಗಲಿಲ್ಲ. ನಿನ್ನ ಅತ್ತೆ ಬಂದು ಎಳೆದಳು.

ಮಕ್ಕಳಿಗೆ, ವ್ಯಾನಿಗೆ ಹುಷಾರಿಲ್ಲ ಎಂದೆ. ಅವು ಅತ್ತವು. ನಾನು ಒಳಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡೆ. ಇಷ್ಟು ದಿನ ಎಡಗಡೆ ಯಾರ್ಯಾರು ನಿಂತಿದ್ದರೋ ಎಂಬುದೊಂದೇ ತಲೆಯಲ್ಲಿ. ಆ ಅಜ್ಜಿಯ ವಿಷಯ ನಿನಗೆ ತಿಳಿದಿದೆಯೆಂದು ಪಟಾಕಿ ಹೇಳಿದಳು.

ಮಾವ


ಸೆಪ್ಟೆಂಬರ್ 14

ಗುಬ್ಬಿಗೆ,

ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಗಾಬರಿಯಾಗಬೇಡ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನೋಟ ಸ್ವಲ್ಪ ಹೋಗಿದೆಯಂತೆ. ಸ್ವಲ್ಪ ಎಂದರೆ ಸಾಸಿವೆ ಕಾಳಷ್ಟು. ದಿನಾ ಕಣ್ಣಿಗೆ ಹನಿ ಹಾಕಿಕೊಳ್ಳಬೇಕು. ಸಲೂನಿನವನ ಭಾಮೈದ ವ್ಯಾನು ಓಡಿಸುತ್ತಿದ್ದಾನೆ. ನಾನು ಬಾಗಿಲ ಹತ್ತಿರ ಕೂತು ಮಕ್ಕಳನ್ನು ಹತ್ತಿಸಿ ಇಳಿಸುತ್ತೇನೆ, ಮ್ಯಾನೇಜರ್ ಲೆಕ್ಕದಲ್ಲಿ.

ಮಾವ


ಸೆಪ್ಟೆಂಬರ್ 26

ಮಾವನಿಗೆ ನಮಸ್ಕಾರ.

ಲಾರಿ ಇಳಿದ ಬೆನ್ನಿಗೇ ಬೆಟ್ಟ ಮತ್ತೆ ಜರಿದಿತ್ತು, ಇಂದು ಅದು ಮೂರು ಕಾಗದವನ್ನೂ ಒಟ್ಟಿಗೆ ತಂದಿತು. ನನ್ನ ಕೈಗೆ ಮೊದಲು ಸಿಕ್ಕಿದ್ದು ಕೆರೆ ಏರಿಯದು. ಅದನ್ನು ಓದಿ, ಉಳಿದ ಎರಡನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ತೆರೆಯಲು ಧೈರ್ಯ ಬರಲಿಲ್ಲ. ಮೇಸ್ತ್ರಿ ಬಂದು ಒಂದರ ಲಕೋಟೆ ಹರಿದು, ಮೊದಲ ಸಾಲು ಗಟ್ಟಿಯಾಗಿ ಓದಿದ. ಮೊದಲ ಸಾಲನ್ನು ಹಾಗೆ ಬರೆದದ್ದಕ್ಕೆ ನಿನಗೆ ನಾನು ಯಾವತ್ತೂ ಋಣಿ.

ಸಾಸಿವೆ ಕಾಳಿನ ಮಾತು ಬಿಡು. ಚಕ್ರದ ಪಕ್ಕ ನಿಂತ ಮಗುವನ್ನೇ ಮುಚ್ಚಿಬಿಡುವ ಸಾಸಿವೆ ಯಾವುದು? ಮೀನು ಹಿಡಿದವನು ಕೈ ಅಗಲಿಸಿ ತೋರಿಸುತ್ತಾನೆ, ನೀನು ಕಳೆದುಕೊಂಡದ್ದನ್ನು ತೋರಿಸಲು ಬೆರಳು ಕೂಡಿಸುತ್ತೀ. ಎಷ್ಟು ಹೋಗಿದೆ? ಡಾಕ್ಟರು ಹೇಳಿದ್ದನ್ನು ಹಾಗೇ ಬರೆ. ನನಗೆ ಹೆದರಿಕೆ ಆಗುವುದಾದರೆ ಸರಿಯಾದ ಲೆಕ್ಕಕ್ಕೆ ಹೆದರುತ್ತೇನೆ.

ಗುಬ್ಬಿ


ಅಕ್ಟೋಬರ್ 9

ಗುಬ್ಬಿಗೆ,

ಆ ಪರೀಕ್ಷೆ ಹೇಗಿತ್ತೆಂದು ನಿನಗೆ ಹೇಳಲೇ ಇಲ್ಲ. ಹೇಳುತ್ತೇನೆ.

ಕತ್ತಲು ಕೋಣೆ. ದೊಡ್ಡ ಬಿಳಿ ಬೋಗುಣಿಯೊಳಗೆ ಮುಖ ಇಟ್ಟು, ಗಲ್ಲವನ್ನು ಒಂದು ಆಸರೆಗೆ ಒತ್ತಿ ಕೂರಬೇಕು. ಒಂದು ಕಣ್ಣಿಗೆ ಪಟ್ಟಿ. ಕೈಯಲ್ಲೊಂದು ಗುಂಡಿ. ಬೋಗುಣಿಯಲ್ಲಿ ಅಲ್ಲೊಂದು ಇಲ್ಲೊಂದು ಪುಟ್ಟ ಬೆಳಕು ಹತ್ತಿ ಆರುತ್ತದೆ. ಕಂಡ ಕೂಡಲೇ ಒತ್ತಬೇಕು. ಅಷ್ಟೇ. ನಾನು ಒಳಗೊಳಗೇ ನಕ್ಕೆ. ಇಡೀ ಆಸ್ಪತ್ರೆಯಲ್ಲಿ ಈ ಆಟಕ್ಕೆ ನನಗಿಂತ ಹಳೆಯ ಕೈ ಯಾರದಿದೆ?

ನಾಲ್ಕಾರು ಬೆಳಕು ನೋಡಿದ ಮೇಲೆ ಅದರ ತಾಳ ಸಿಕ್ಕಿತು. ಕಾಣಲಿ ಬಿಡಲಿ, ತಾಳಕ್ಕೆ ಸರಿಯಾಗಿ ಒತ್ತಿದೆ. ಪರೀಕ್ಷೆ ಮಾಡುವ ಹುಡುಗಿ ನಿಲ್ಲಿಸಿದಳು.

“ತಾತ, ಲೈಟ್ ಬರದೇ ಇದ್ದಾಗ್ಲೂ ಒತ್ತುತಿದೀರ.”

“ಅದಕ್ಕೆ ಮುಂದಾಲೋಚನೆ ಅಂತಾರೆ.”

“ಮೊದಲಿಂದ ಮಾಡೋಣ. ಕಂಡ್ರೆ ಮಾತ್ರ ಒತ್ತಿ.”

ಅಷ್ಟರಲ್ಲಿ ಬಾಗಿಲ ಹೊರಗಿನಿಂದ ಪಟಾಕಿಯ ದನಿ: “ತಾತ, ಮೋಸ ಮಾಡ್ಬೇಡ.”

ಎರಡನೇ ಸಲ ನಿಯತ್ತಾಗಿ ಆಡಿದೆ. ಇದಕ್ಕೆ ಡುಮ್ ಡುಮ್ ಇಲ್ಲ. ಸದ್ದಿಲ್ಲದ ಆಟ. ಎಷ್ಟೋ ಹೊತ್ತು ಏನೂ ಬರಲಿಲ್ಲ. ಹೆಬ್ಬೆರಳು ಗುಂಡಿಯ ಮೇಲಿಟ್ಟು ಕಾದೇ ಕಾದೆ. ಯಂತ್ರ ನಿಂತುಹೋಗಿದೆ ಎಂದುಕೊಂಡು “ಶುರು ಮಾಡಮ್ಮ,” ಎಂದೆ. ಅವಳು ಮೆಲ್ಲಗೆ, “ಬರ್ತಾನೇ ಇದೆ ತಾತ,” ಎಂದಳು. ಅಷ್ಟು ಭಯ ನನಗೆ ಯಾವ ಹಡಗನ್ನು ಕಂಡೂ ಆಗಿರಲಿಲ್ಲ.

ಈಗ ಮನೆಯಲ್ಲಿ ಪಟಾಕಿ ಹಿಡಿ, ನಾನು ಗುಂಡಿ. ಹಿಂದೆ ನೀನೂ ನಾನೂ ಆಡಿದ ಹಾಗೆಯೇ. ಅವಳು “ಎಡ” ಅಂದರೆ ನಾನು ಏನೂ ಕಾಣದಿದ್ದರೂ ಒತ್ತುತ್ತೇನೆ, ಹಡಗು ಉರುಳುತ್ತದೆ. ನಿನ್ನೆ ಹತ್ತನೇ ಸುತ್ತು ದಾಟಿದೆವು. ಸಲೂನಿನವನು ಇಬ್ಬರು ಆಡುವುದು ಮೋಸ ಎಂದು ಜಗಳ ತೆಗೆದಿದ್ದಾನೆ. ಹಳೆಯ ಕಾಯಿದೆಯನ್ನು ರದ್ದು ಮಾಡಿದ್ದೇನೆ. ಹಿಡಿ ಹಿಡಿದವರ ಕಿವಿಯಲ್ಲಿ ಇನ್ನು ಮೇಲೆ ಯಾರು ಬೇಕಾದರೂ ಮಾತಾಡಬಹುದು.

ಹೆದರಿಕೆ ಹೋಗಿಲ್ಲ ಗುಬ್ಬಿ. ಬೆಳಿಗ್ಗೆ ಎದ್ದ ಕೂಡಲೇ ಗೋಡೆಯ ಮೇಲಿನ ಕ್ಯಾಲೆಂಡರನ್ನು ಎರಡು ಕಣ್ಣಿನಲ್ಲೂ ಒಂದೊಂದಾಗಿ ನೋಡಿ, ನಿನ್ನೆಯಷ್ಟು ಇದೆಯೋ ಇಲ್ಲವೋ ಎಂದು ಅಳೆಯುತ್ತೇನೆ. ಆಮೇಲೆ ಪಟಾಕಿ ಬಂದು ಬೇಕೆಂದೇ ನನ್ನ ಎಡಕ್ಕೆ ಕೂತು ಹಾಲು ಕುಡಿಯುತ್ತಾಳೆ. ಸದ್ದು ಮಾಡಿಕೊಂಡು ಕುಡಿಯುತ್ತಾಳೆ. ನಾನು ಬೈಯುವುದಿಲ್ಲ.

ನೀನು ಕೇಳಿದ ಲೆಕ್ಕ. ನಿನ್ನ ಅತ್ತೆಗೆ ಅಂಗೈಯಷ್ಟು ಎಂದಿದ್ದೆ, ಸಲೂನಿನವನಿಗೆ ಏನೂ ಇಲ್ಲ ಎಂದಿದ್ದೆ, ನಿನಗೆ ಸಾಸಿವೆ ಎಂದೆ. ಡಾಕ್ಟರು ಹೇಳಿದ್ದನ್ನು ಇಲ್ಲಿ ಹಾಗೇ ಬರೆಯುತ್ತಿದ್ದೇನೆ. ಹೋದದ್ದು ತಿರುಗಿ ಬರುವುದಿಲ್ಲ, ಹನಿ ಹಾಕಿದರೆ ಉಳಿದದ್ದು ಉಳಿಯಬಹುದು. ಬಲಗಣ್ಣಿನಲ್ಲಿ ನೂರಕ್ಕೆ ನಲವತ್ತು ಹೋಗಿದೆ. ಎಡಗಣ್ಣಿನಲ್ಲಿ ನೂರಕ್ಕೆ ಎಂಬತ್ತೆರಡು.

ನಿನ್ನ ಮಾವ